ತೂಕದ ಮಷೀನ್ ಎತ್ತಿಟ್ಟ ಮೇಲೆ: 6ನೇ ವಾರ

ನಾವು ಮೂವರು ಕೊನೇ ವರ್ಷದವರು ಸೇರಿ ಕಾಲೇಜಿನಲ್ಲಿ ಆರೋಗ್ಯಕರ ತೂಕಕ್ಕಾಗಿ ಈ ಗುಂಪು ಶುರು ಮಾಡಿ ಇವತ್ತಿಗೆ 6 ವಾರ. 14 ಜನ ಹೆಸರು ಕೊಟ್ಟಿದ್ದರು. ಈಗ 11 ಜನ ತಪ್ಪದೆ ಬರುತ್ತಿದ್ದಾರೆ.

ಮೊದಲ ಎರಡು ವಾರ ನಾವು ಮಾಡಿದ್ದು ತಪ್ಪು. ಪ್ರತಿ ಸೋಮವಾರ ಎಲ್ಲರ ತೂಕ ನೋಡಿ ಬರೆದುಕೊಳ್ಳುತ್ತಿದ್ದೆವು. ಮೊದಲ ವರ್ಷದ ಒಬ್ಬ ಹುಡುಗಿ ಚಪ್ಪಲಿ ಬಿಟ್ಟಳು, ವಾಚ್ ಬಿಚ್ಚಿದಳು, ಜೇಬಿನಿಂದ ಮೊಬೈಲ್ ತೆಗೆದಿಟ್ಟಳು, ಆಮೇಲೆ ಉಸಿರು ಬಿಗಿಹಿಡಿದು ಮಷೀನ್ ಮೇಲೆ ನಿಂತಳು. ಹಿಂದಿನ ವಾರಕ್ಕಿಂತ 800 ಗ್ರಾಂ ಜಾಸ್ತಿ ತೋರಿಸಿತು. ಹಿಂದಿನ ರಾತ್ರಿ ಊಟವನ್ನೇ ಬಿಟ್ಟಿದ್ದಳಂತೆ. ಮುಂದಿನ ವಾರ ಅವಳು ಬರಲಿಲ್ಲ.

ಕುಡಿದ ನೀರು, ತಿಂದ ಉಪ್ಪು, ಹೊಟ್ಟೆಯಲ್ಲಿರೋ ಊಟ ಇಷ್ಟರಿಂದಲೇ ತೂಕ ಒಂದೇ ದಿನದಲ್ಲಿ 1-2 ಕಿಲೋ ಆಚೀಚೆ ಆಗುತ್ತದೆ. ಅದು ಕೊಬ್ಬಲ್ಲ. ಇದನ್ನು ಮೊದಲ ದಿನವೇ ಅವಳಿಗೆ ಹೇಳಬೇಕಿತ್ತು ಅಲ್ವಾ?

3ನೇ ವಾರ ಮಷೀನ್ ಎತ್ತಿ ಬೀರುವಿನಲ್ಲಿಟ್ಟೆವು. ಈಗ ಮೇಜಿನ ಮೇಲೆ ಒಂದು ನೋಟ್‌ಬುಕ್ ಇದೆ. ಎಷ್ಟು ಗಂಟೆ ನಿದ್ದೆ, ಬೆಳಗಿನ ತಿಂಡಿ ಆಯ್ತಾ, ಎಷ್ಟು ನಿಮಿಷ ನಡೆದೆ, ಇಷ್ಟೇ ಬರೆಯೋದು.

ಎಲ್ಲಕ್ಕಿಂತ ಹೆಚ್ಚು ಮಾತಾಗಿದ್ದು ನಿದ್ದೆಯ ಬಗ್ಗೆ. ನಿದ್ದೆ ಕಡಿಮೆಯಾದರೆ ಹಸಿವು ಹೆಚ್ಚಿಸುವ ಗ್ರೆಲಿನ್ ಅನ್ನೋ ಹಾರ್ಮೋನ್ ಏರಬಹುದು, ಹೊಟ್ಟೆ ತುಂಬಿತು ಸಾಕು ಅಂತ ಹೇಳುವ ಲೆಪ್ಟಿನ್ ಹಾರ್ಮೋನ್ ಇಳಿಯಬಹುದು. ರಾತ್ರಿ ಎರಡು ಗಂಟೆವರೆಗೆ ಓದುವಾಗ ಕೈ ತಾನಾಗೇ ಬಿಸ್ಕತ್ ಪ್ಯಾಕೆಟ್‌ಗೆ ಹೋಗೋದು ಬರೀ ಮನಸ್ಸಿನ ದೌರ್ಬಲ್ಯ ಅಲ್ಲ ಅಂತ ಗೊತ್ತಾದಾಗ ಹಲವರ ಮುಖ ಹಗುರಾಯಿತು. ದಿನಕ್ಕೆ 7 ಗಂಟೆ ಅನ್ನೋದು ನಮ್ಮ ಗುರಿ. ಗುಂಪಿನಲ್ಲಿ ನಾಲ್ಕು ಜನ ಅಲ್ಲಿಗೆ ತಲುಪಿದ್ದಾರೆ.

ನಡಿಗೆ ಸುಲಭವಾಗಿ ಹಿಡಿತಕ್ಕೆ ಬಂತು. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ಬಿರುಸು ನಡಿಗೆಯಂಥ ಚಟುವಟಿಕೆ ವಾರಕ್ಕೆ ಕನಿಷ್ಠ 150 ನಿಮಿಷ. ಕ್ಲಾಸುಗಳ ನಡುವೆ ಹತ್ತು ಹತ್ತು ನಿಮಿಷ ಬಿರುಸಾಗಿ ನಡೆದರೂ ಲೆಕ್ಕಕ್ಕೆ ಬರುತ್ತದೆ.

ಕಳೆದ ವಾರ 330 ಮಿಲಿಯ ಒಂದು ಕ್ಯಾನ್ ಕೋಲಾದಲ್ಲಿ ಇರುವಷ್ಟು ಸಕ್ಕರೆ, ಅಂದರೆ ಸುಮಾರು 35 ಗ್ರಾಂ, ಅಳೆದು ಕಾಗದದ ಮೇಲೆ ಸುರಿದೆವು. ಯಾರಿಗೂ ಭಾಷಣ ಮಾಡಲಿಲ್ಲ. ಒಬ್ಬ ಆ ಗುಡ್ಡೆಯನ್ನು ಬೆರಳಿನಿಂದ ಮುಟ್ಟಿ ನೋಡಿದ, ಸುಮ್ನೆ ಕೂತ.

ಗುಂಪಿನಲ್ಲಿ ತೀರಾ ತೆಳ್ಳಗಿರುವ ಹುಡುಗನೂ ಇದ್ದಾನೆ. ಅವನ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟಿದೆ ಅನ್ನೋ ಲೆಕ್ಕ, 18.5ಕ್ಕಿಂತ ಕಡಿಮೆ. ಅವನಿಗೆ ತೂಕ ಏರಬೇಕು. ಅವನನ್ನು ಡಾಕ್ಟರ್ ಹತ್ತಿರ ಕಳಿಸಿದ್ದೇವೆ, ನೋಟ್‌ಬುಕ್‌ನಲ್ಲಿ ಅವನೂ ಬರೆಯುತ್ತಾನೆ. ಊಟ ಬಿಟ್ಟು ಬಿಟ್ಟು ಕೊರಗುವವರು ಕಂಡರೂ ಅಷ್ಟೇ, ನಾವೇ ಸಲಹೆ ಕೊಡಲು ಹೋಗೋದಿಲ್ಲ, ಕೌನ್ಸೆಲರ್ ಹತ್ತಿರ ಜೊತೆಯಲ್ಲಿ ಹೋಗುತ್ತೇವೆ.

ಆ ಮೊದಲ ವರ್ಷದ ಹುಡುಗಿಯನ್ನು ಹೋಗಿ ಮಾತಾಡಿಸಿ ಕ್ಷಮೆ ಕೇಳಿದೆ. 5ನೇ ವಾರ ವಾಪಸ್ ಬಂದಳು. ಬಾಗಿಲಲ್ಲೇ ನಿಂತು ಮಷೀನ್ ಎಲ್ಲಿ ಅಂತ ನೋಡಿದಳು. ಇಲ್ಲ ಅಂತ ಖಾತ್ರಿಯಾದ ಮೇಲೆ ಒಳಗೆ ಬಂದು ಪೆನ್ ತಗೊಂಡಳು.

ತಿಂಡಿಯ ಕಾಲಂ ಮಾತ್ರ ಇನ್ನೂ ಖಾಲಿ ಖಾಲಿ. ಎಂಟಕ್ಕೆ ಕ್ಲಾಸು, ಕ್ಯಾಂಟೀನ್ ತೆರೆಯೋದೂ ಎಂಟಕ್ಕೇ. ಅರ್ಧ ಗಂಟೆ ಮೊದಲು ತೆರೆಯಿರಿ ಅಂತ ಪತ್ರ ಬರೆದಿದ್ದೇವೆ. 11 ಜನರದ್ದೂ ಸಹಿ ಆಗಿದೆ, ಸೋಮವಾರ ಕೊಡುತ್ತೇವೆ.