ಅಳದ ಕೂಸು

ತಂಗಿಯ ಚೊಚ್ಚಲ ಹೆರಿಗೆ ರೂಢಿಯಂತೆ ತವರಿನಲ್ಲೇ ಆಗಬೇಕೆಂದು, ಕುಬಸ ಮುಗಿಸಿ ಅವಳನ್ನು ಬೀಳಗಿ ತಾಲ್ಲೂಕಿನ ನಮ್ಮೂರಿಗೆ ಕರೆತಂದಿದ್ದೆವು. ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ 9 ಗ್ರಾಂ ಎಂದಿದ್ದುದನ್ನು ನೋಡಿದ ಆಶಾ ಕಾರ್ಯಕರ್ತೆ, 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆಯೆಂದೇ ಲೆಕ್ಕ, ಹೆರಿಗೆಗೆ ಬಾಗಲಕೋಟೆಗೇ ಹೋಗಿ ಎಂದು ಮೊದಲೇ ಹೇಳಿದ್ದರು. (ಕಬ್ಬಿಣದ ಗುಳಿಗೆಯನ್ನು ಅವಳು, ಕಬ್ಬಿಣ ಮೈಗೆ ಹತ್ತದಂತೆ ತಡೆಯುವ ಚಹಾದ ಜೊತೆಗೇ ನುಂಗುತ್ತಿದ್ದಳೆಂಬುದು ನಮಗೆ ಗೊತ್ತಾದದ್ದು ಆಗಲೇ.)

ನೋವು ನಡುರಾತ್ರಿ ಶುರುವಾಯಿತು. 108ರಲ್ಲಿ ಅನಗವಾಡಿ ಸೇತುವೆ ದಾಟಿ ಆಸ್ಪತ್ರೆ ಸೇರಿದೆವು. ಕೂಸಿನ ಎದೆಬಡಿತ ಇಳಿಯುತ್ತಿದೆಯೆಂದು ಬೆಳಗಿನ ಜಾವ ಸಿಸೇರಿಯನ್ ಮಾಡಿದರು. ಹೆಣ್ಣುಕೂಸು, 2 ಕಿಲೋ 600 ಗ್ರಾಂ. ಅಲ್ಲಿಯವರೆಗಿನ ಯಾವುದಕ್ಕೂ ನನ್ನ ತಕರಾರಿಲ್ಲ. ವೈದ್ಯರು ಒಂದು ನಿಮಿಷವನ್ನೂ ಕಳೆಯಲಿಲ್ಲ.

ತಕರಾರಿರುವುದು ಆಮೇಲಿನದರ ಬಗ್ಗೆ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕೊಡಬೇಕೆಂಬ ಫಲಕ ವಾರ್ಡಿನ ಗೋಡೆಯ ಮೇಲೆ ದೊಡ್ಡದಾಗಿಯೇ ಇತ್ತು, ಆದರೆ ಹೊಲಿಗೆಯ ನೋವಿನಲ್ಲಿ ಮಗ್ಗುಲು ಬದಲಿಸಲೂ ಆಗದ ಬಾಣಂತಿ ಕೂಸನ್ನು ಎದೆಗೆ ಹಚ್ಚಿಕೊಳ್ಳುವುದಾದರೂ ಹೇಗೆ ಎಂಬುದನ್ನು ಹೇಳಿಕೊಡುವವರು ಯಾರೂ ಇರಲಿಲ್ಲ. ಬಂದವರೆಲ್ಲ ಬಿ.ಪಿ. ನೋಡಿದರು, ಸೂಜಿ ಹಾಕಿದರು, ಕೇಸ್ ಶೀಟಿನಲ್ಲಿ ಬರೆದುಕೊಂಡು ಹೋದರು. ಆ ತೆರವನ್ನು ಅವ್ವ ಜೇನುತುಪ್ಪ ನೆಕ್ಕಿಸಿ, ಬಜೆ ತೇಯ್ದು ತುಂಬಿದಳು.

ಮೂರನೆಯ ದಿನ ಕೂಸು ಮಲಗಿದ್ದು ಏಳಲೇ ಇಲ್ಲ. "ಎಷ್ಟ ಶಾಂತ ಐತಿ ನೋಡ, ಅಳೂದ ಇಲ್ಲ" ಎಂದು ಅವ್ವ ಪಕ್ಕದ ಹಾಸಿಗೆಯವರ ಮುಂದೆ ಹೆಮ್ಮೆಪಡುತ್ತಿದ್ದಳು. ರಾತ್ರಿ ಪಾಳಿಗೆ ಬಂದ ಸಿಸ್ಟರ್ ಕುಂಚಿಗೆ ಸರಿಸಿ ಕೂಸಿನ ಹಣೆಯನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟರು. ಒತ್ತಿದ ಜಾಗ ಅರಿಶಿನ ಹಚ್ಚಿದಂತೆ ಕಾಣಿಸಿತು. ಬೆಳಗಿನಿಂದ ಎಷ್ಟು ಬಟ್ಟೆ ಒದ್ದೆಯಾಗಿವೆ ಎಂದು ಕೇಳಿದರು. ಒಂದೇ ಒಂದು. ತೂಗಿದಾಗ 2 ಕಿಲೋ 290 ಗ್ರಾಂ. "ಅಜ್ಜಿ, ಇದು ಶಾಂತ ಅಲ್ರಿ. ಅಳಾಕ ಶಕ್ತಿ ಇಲ್ಲ ಇದಕ್ಕ."

ಕಾಮಾಲೆ ಇಳಿಯಲೆಂದು ಕೂಸನ್ನು ಎರಡು ದಿನ ಕಣ್ಣಿಗೆ ಪಟ್ಟಿ ಕಟ್ಟಿ ನೀಲಿ ಬೆಳಕಿನಡಿ ಮಲಗಿಸಿದರು. ಅದಕ್ಕಿಂತ ನನ್ನ ನೆನಪಿನಲ್ಲಿ ಉಳಿದಿರುವುದು ಆ ಸಿಸ್ಟರ್ ತಂಗಿಯ ಹಾಸಿಗೆಯ ಅಂಚಿನಲ್ಲಿ ಕುಳಿತ ಅರ್ಧ ಗಂಟೆ. ಮಗ್ಗುಲಾಗಿ ಮಲಗಿಸಿ, ಬೆನ್ನಿಗೆ ಮಡಿಸಿದ ಕೌದಿ ಆನಿಸಿ, ಕೂಸಿನ ಗದ್ದ ಎದೆಗೆ ತಾಗಬೇಕು, ಬಾಯಿ ಅಗಲವಾಗಿ ತೆರೆಯಬೇಕು, ಬರೀ ತೊಟ್ಟಲ್ಲ, ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು ಎಂದು ಮೂರು ಸಲ ಮಾಡಿಸಿದರು. ಮೂರನೆಯ ಸಲಕ್ಕೆ ಗುಟುಕರಿಸುವ ಸದ್ದು ಕೇಳಿಸಿತು. ಈ ಅರ್ಧ ಗಂಟೆ ಮೊದಲ ದಿನವೇ ಸಿಗಬಾರದಿತ್ತೇ? ಇಡೀ ವಾರ್ಡಿಗೆ ಅವರೊಬ್ಬರೇ ಇದ್ದುದನ್ನು ಕಂಡ ಮೇಲೆ ಈ ಪ್ರಶ್ನೆಯನ್ನು ಅವರಿಗೆ ಕೇಳುವ ಮನಸ್ಸಾಗಲಿಲ್ಲ.

ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಬಂದದ್ದು 2011ರಲ್ಲಿ. ಅದರಡಿ ಸಿಸೇರಿಯನ್ ಆದವರಿಗೆ 7 ದಿನದವರೆಗೆ ಊಟ, ಔಷಧಿ, ಮನೆಗೆ ಮರಳುವ ವಾಹನ ಎಲ್ಲವೂ ಉಚಿತ. ನಮಗೂ ಸಿಕ್ಕವು. ಊರಿಗೆ ಬಂದ ಮೇಲೆ ಆಶಾ ಕಾರ್ಯಕರ್ತೆ 42 ದಿನದೊಳಗೆ ಹಲವು ಸಲ ಬಂದು ತೂಕ ನೋಡಿದರು, ಬಾಣಂತಿಯ ಹೊರಸಿನ ಕೆಳಗಿನ ಕೆಂಡದ ಹೊಗೆಯ ವಿಷಯದಲ್ಲಿ ಅವ್ವನೊಡನೆ ಜಗಳವನ್ನೂ ಆಡಿದರು. ಅವ್ವ ಬಜೆ ಬಿಟ್ಟಳು, ಕೆಂಡ ಬಿಡಲಿಲ್ಲ. ಆದರೆ ದಿನಕ್ಕೆ ಆರು ಬಟ್ಟೆಯಾದರೂ ಒದ್ದೆಯಾಗಬೇಕೆಂದು ಸಿಸ್ಟರ್ ಹೇಳಿದ್ದನ್ನು ಮಾತ್ರ ಮರೆಯಲಿಲ್ಲ. ಸಂಜೆಯಾದರೆ ಹಿತ್ತಲಿನ ಹಗ್ಗದ ಮುಂದೆ ನಿಂತು ಬೆರಳು ಮಡಿಸುತ್ತ ಎಣಿಸಿ, "ಇವತ್ತ ಎಂಟು" ಎಂದು ಒಳಗಿದ್ದವರಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು.