ವಿಳಾಸ ಒಡೆಯುವಾಗ ಹಿಂದಿನಿಂದ ಬನ್ನಿ

ಕಲಬುರಗಿಯ ತೊಗರಿ ಬೇಳೆ ವ್ಯಾಪಾರಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಆಫೀಸು ನಮ್ಮದು. ಹೊಸ ಗಿರಾಕಿ ಬಂದರೆ ಮೊದಲ ಕೆಲಸ ಅವರ ಹಳೇ ಪಟ್ಟಿಯ ವಿಳಾಸಗಳನ್ನು ಒಡೆದು ಏರಿಯಾ, ಊರು, ಪಿನ್ ಕೋಡ್ ಅಂತ ಮೂರು ಕಾಲಂಗೆ ಹಾಕುವುದು. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಾಲನ್ನು ತುಂಡು ಮಾಡುವ ಸ್ಪ್ಲಿಟ್ ಅನ್ನುವ ಆಜ್ಞೆಗೆ ಒಂದು ಕಾಮಾ ಕೊಟ್ಟರೆ ಮುಗೀತು, ಅಲ್ವಾ?

"ಸರ್, ಪಿನ್ ಕೋಡ್ ಕಾಲಂನ್ಯಾಗ ಹನುಮಾನ್ ಗುಡಿ ಬಂದದ ನೋಡ್ರಿ" ಅಂದ ಹೊಸದಾಗಿ ಸೇರಿದ ಹುಡುಗ.

ಸಾಲು ಹೀಗಿತ್ತು: "ಬಸ್ ಸ್ಟ್ಯಾಂಡ್ ಹತ್ತಿರ, ಕಿರಾಣಿ ಅಂಗಡಿ ಮೇಲೆ, ಹನುಮಾನ್ ಗುಡಿ ಹಿಂದೆ, ಆಳಂದ, 585302". ಕಾಮಾದಲ್ಲಿ ಒಡೆದರೆ ಐದು ತುಂಡು. ಕೆಳಗಿನ ಸಾಲು "ಮೇನ್ ರೋಡ್, ಜೇವರ್ಗಿ, 585310" ಮೂರೇ ತುಂಡು. ನಮ್ಮ ಕಡೆ ವಿಳಾಸದ ಮುಂಭಾಗ ಎಷ್ಟು ಉದ್ದ ಬೇಕಾದರೂ ಬೆಳೆಯುತ್ತದೆ, ಗುರುತು ಹೇಳದೆ ಯಾರೂ ಬಿಡುವುದಿಲ್ಲ. ಆದರೆ ಕೊನೆಗೆ ಊರು, ಪಿನ್ ಇದ್ದೇ ಇರುತ್ತವೆ. ಹಾಗಾಗಿ ಆರ್‌ಸ್ಪ್ಲಿಟ್ ಬಳಸಿ, ಮಿತಿ 2 ಅಂತ ಕೊಡಿ. ಅದು ಬಲಗಡೆಯಿಂದ ಎರಡೇ ಕಾಮಾ ಕತ್ತರಿಸುತ್ತದೆ. ಗುಡಿ, ಅಂಗಡಿ ಎಲ್ಲ ಒಂದೇ ತುಂಡಾಗಿ ಏರಿಯಾ ಕಾಲಂನಲ್ಲಿ ಕೂರುತ್ತವೆ.

ಅದಕ್ಕೂ ಮೊದಲು ಸಾಲಿನ ಕೊನೆಯಲ್ಲಿ ಸುಮ್ನೆ ಉಳಿದ ಕಾಮಾ ತೆಗೆಯಬೇಕು. ಇಲ್ಲದಿದ್ದರೆ ಪಿನ್ ಜಾಗದಲ್ಲಿ ಖಾಲಿ ಬರುತ್ತದೆ. ಮೂರಕ್ಕಿಂತ ಕಡಿಮೆ ತುಂಡು ಬಂದ ಸಾಲನ್ನು ಬೇರೆ ಫೈಲಿಗೆ ಹಾಕಿ, ಕಣ್ಣಿನಿಂದಲೇ ನೋಡಿ. ಅಲ್ಲಿ ಜಾಣತನ ತೋರಿಸಲು ಹೋಗಬೇಡಿ.

ಕೆಲವರು ನೇರ ರೆಜೆಕ್ಸ್‌ಗೆ, ಅಂದರೆ ಒಂದು ಮಾದರಿ ಕೊಟ್ಟು ಸಾಲನ್ನು ಹುಡುಕುವ, ಒಡೆಯುವ ವಿಧಾನಕ್ಕೆ, ಕೈ ಹಾಕುತ್ತಾರೆ. ಕಾಮಾ, ಸೆಮಿಕೋಲನ್ ಎರಡೂ ಇದ್ದಲ್ಲಿ ಸರಿ. ಜೊತೆಗೆ ಸ್ಲ್ಯಾಶನ್ನೂ ಸೇರಿಸಿದಿರೋ, ಮನೆ ನಂಬರ್ 11/3 ಎರಡು ಹೋಳು. ಕೋಟ್ಸ್ ಒಳಗೆ ಕಾಮಾ ಇರುವ ಸಿಎಸ್‌ವಿ (ಕಾಲಂಗಳ ನಡುವೆ ಕಾಮಾ ಹಾಕಿದ) ಫೈಲಾದರೆ ಸ್ಪ್ಲಿಟ್ ಬೇಡವೇ ಬೇಡ, ಅದನ್ನು ಓದಲೆಂದೇ ಪೈಥಾನ್‌ನಲ್ಲಿ ಸಿಎಸ್‌ವಿ ಮಾಡ್ಯೂಲ್ ಇದೆ.

ಸ್ಪೇಸ್ ವಿಷಯ ಬೇರೆ. "ತೊಗರಿ 25 ಚೀಲ" ಅನ್ನುವಾಗ ಟೈಪ್ ಮಾಡುವವರು ನಡುವೆ ಎರಡೆರಡು ಸ್ಪೇಸ್ ಹೊಡೆದಿರುತ್ತಾರೆ. ಸ್ಪ್ಲಿಟ್‌ಗೆ ಒಂದು ಸ್ಪೇಸ್ ಕೊಟ್ಟರೆ ಖಾಲಿ ತುಂಡುಗಳೂ ಸೇರಿ ಐದು ಬರುತ್ತವೆ. ಏನೂ ಕೊಡದೆ ಸ್ಪ್ಲಿಟ್‌ನ ಬ್ರಾಕೆಟ್ ಖಾಲಿ ಬಿಟ್ಟರೆ ಸರಿಯಾಗಿ ಮೂರು. ಟ್ಯಾಬ್ ಇದ್ದರೂ ನಡೆಯುತ್ತದೆ.

ಕನ್ನಡದಲ್ಲಿ ಬರೆದಾಗ ಬರುವ ಒಂದು ಕಾಟ ಹೇಳಲೇಬೇಕು. ಕೆಲವು ಪಟ್ಟಿಯಲ್ಲಿ "ಶಹಾಬಾದ್" ಆದಮೇಲೆ ಕಾಣದ ಒಂದು ಅಕ್ಷರ ಇರುತ್ತದೆ, ಜೀರೋ ವಿಡ್ತ್ ನಾನ್ ಜಾಯಿನರ್. ಅಕ್ಕಪಕ್ಕದ ಅಕ್ಷರಗಳು ಒತ್ತಕ್ಷರವಾಗಿ ಕೂಡದಂತೆ ತಡೆಯುವುದು ಅದರ ಕೆಲಸ. ಸ್ಕ್ರೀನಿನಲ್ಲಿ ಎರಡು ಶಹಾಬಾದ್ ಒಂದೇ ಥರ, ಪ್ರೋಗ್ರಾಂಗೆ ಬೇರೆ ಬೇರೆ ಊರು. ಪೈಥಾನ್ ಇದನ್ನು ಸ್ಪೇಸ್ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬರೀ ಸ್ಟ್ರಿಪ್ (ಎರಡೂ ತುದಿಯ ಸ್ಪೇಸ್ ಕಳಚುವ ಆಜ್ಞೆ) ಮಾಡಿದರೆ ಹೋಗಲ್ಲ, ಸ್ಪೇಸ್ ಜೊತೆ ಆ ಅಕ್ಷರವನ್ನೂ ಸ್ಟ್ರಿಪ್‌ಗೆ ಕೊಡಬೇಕು. ಹಾಗಂತ ಎಲ್ಲ ಕಡೆ ಅಳಿಸಬೇಡಿ. "ಸೂಪರ್‌ಮಾರ್ಕೆಟ್" ನಡುವೆ ಇರುವುದನ್ನು ತೆಗೆದರೆ "ಸೂಪರ್ಮಾರ್ಕೆಟ್" ಅಂತ ಪ್ರಿಂಟ್ ಆಗುತ್ತದೆ, ಗಿರಾಕಿ ಬಿಲ್ ಹಿಡಿದುಕೊಂಡು ಆಫೀಸಿಗೇ ಬರುತ್ತಾರೆ.