ಒಂದು ಕೆಜಿ ಸೇಬು

ಇಂಗ್ಲೆಂಡಿನ ಲೀಡ್ಸ್‌ಗೆ ಬಂದು ಒಂಬತ್ತು ವರ್ಷ ಆಯ್ತು. ಇಲ್ಲಿ ಎದುರಿಗೆ ಸಿಕ್ಕವರೆಲ್ಲ 'ಆಲ್ ರೈಟ್?' ಅನ್ನುತ್ತಾರೆ. ಉತ್ತರಕ್ಕೆ ಮಾತ್ರ ನಿಲ್ಲುವುದಿಲ್ಲ. ಮೊದಮೊದಲು ನಾನು ಪೆದ್ದನ ಹಾಗೆ ನಿಂತು 'ಸ್ವಲ್ಪ ನೆಗಡಿ' ಅಂತ ಶುರು ಮಾಡುತ್ತಿದ್ದೆ. ಅಷ್ಟರಲ್ಲಿ ಅವರು ರಸ್ತೆ ದಾಟಿರುತ್ತಿದ್ದರು. ನಮ್ಮ 'ಊಟ ಆಯ್ತಾ?' ಕೂಡ ಈಗ ಹೆಚ್ಚುಕಮ್ಮಿ ಹಾಗೇ ಅಲ್ವಾ? ಆಯ್ತು ಅಂದರೆ ಮುಗೀತು.

ಅಮ್ಮನ ಹತ್ತಿರ ಮಾತ್ರ ಅದು ನಡೆಯುವುದಿಲ್ಲ. ಆಯ್ತು ಅಂದರೆ 'ಏನು ತಿಂದೆ?' ಅನ್ನುತ್ತಾಳೆ.

ಹೋದ ಆಗಸ್ಟ್‌ನಲ್ಲಿ ಮೂರು ವಾರ ಬೆಂಗಳೂರಿಗೆ ಬಂದಿದ್ದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ಅಮ್ಮ ವಿಲ್ಸನ್ ಗಾರ್ಡನ್ ಮನೆಯಲ್ಲಿ ಸಿಗುವುದೇ ಕಷ್ಟ. ಯಾರಾದರೂ ಎರಡು ಭಾನುವಾರ ಚರ್ಚಿಗೆ ಬರಲಿಲ್ಲ ಅಂದರೆ ಸಾಕು, ಆಧಾರ್ ಕಾರ್ಡ್ ಪರ್ಸಿಗೆ ಹಾಕಿಕೊಂಡು ಹೊರಟಳು.

ನಮ್ಮ ಚರ್ಚಿನ ಸಭೆಯಲ್ಲಿ ಒಬ್ಬ ಹಿರಿಯ ಹೆಂಗಸು ಕರ್ತನ ಭೋಜನಕ್ಕೆ, ಅಂದರೆ ಮಂಡಿಯೂರಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳೋಕೆ, ಮುಂದೆ ಬರುವುದನ್ನೇ ನಿಲ್ಲಿಸಿದ್ದರಂತೆ. ಸೊಸೆ ಜೊತೆ ಮನಸ್ತಾಪ, ಅದಕ್ಕೇ ಅಂತ ಜನ ತೀರ್ಮಾನಿಸಿಬಿಟ್ಟಿದ್ದರು. ಅಮ್ಮ ನೋಡಿದ್ದೇ ಬೇರೆ. 'ಮಂಡಿ ಕಣೋ. ಊರಿದ್ರೆ ಏಳೋಕಾಗಲ್ಲ, ಪಾಪ.' ಸಭಾಪಾಲಕರಿಗೆ ಒಂದು ಮಾತು ಹೇಳಿದಳು. ಈಗ ರೊಟ್ಟಿ, ದ್ರಾಕ್ಷಾರಸ ಅವರ ಬೆಂಚಿಗೇ ಹೋಗುತ್ತದೆ.

ಒಂದು ಗುರುವಾರ ನನ್ನನ್ನೂ ಕಿದ್ವಾಯಿಗೆ ಕರೆದುಕೊಂಡು ಹೋದಳು. 1973ರಲ್ಲಿ ಶುರುವಾದ ಕ್ಯಾನ್ಸರ್ ಆಸ್ಪತ್ರೆ. ರಾಜ್ಯದ ಮೂಲೆಮೂಲೆಯಿಂದ ಜನ ಬರುತ್ತಾರೆ, ವಾರಗಟ್ಟಲೆ ಇರುತ್ತಾರೆ. ಬರಿಗೈಲಿ ಹೋಗುವುದು ಹೇಗೆ ಅಂತ ನಾನು ದಾರಿಯಲ್ಲಿ ಒಂದು ಕೆಜಿ ಸೇಬು ತೆಗೆದುಕೊಂಡೆ. ಅಮ್ಮ ನೋಡಿದಳು, ಏನೂ ಅನ್ನಲಿಲ್ಲ.

ಹೊರಗೆ ಮರದ ಕೆಳಗೆ ಚಾಪೆ ಹಾಸಿಕೊಂಡು ರಾಯಚೂರು ಕಡೆಯ ಗಂಡ ಹೆಂಡತಿ ಕೂತಿದ್ದರು. ಆತನ ಕೆನ್ನೆಯ ಚರ್ಮ ಸುಟ್ಟ ಹಾಗೆ ಕಪ್ಪಾಗಿತ್ತು. ನಾನು ನಗುನಗುತ್ತಾ ಸೇಬಿನ ಕವರ್ ಮುಂದೆ ಹಿಡಿದೆ. ಆತ ಕೈ ಮುಗಿದ. ಹೆಂಡತಿ ಮೆಲ್ಲಗೆ, 'ಇವರಿಗೆ ಬಾಯಿ ತೆರಿಯಾಕ ಬರಂಗಿಲ್ರಿ' ಅಂದಳು. ಬಾಯಿಗೆ ರೇಡಿಯೇಶನ್ ಕೊಟ್ಟರೆ ಜೊಲ್ಲು ಒಣಗುತ್ತದೆ, ಒಳಗೆಲ್ಲ ಹುಣ್ಣಾಗುತ್ತದೆ. ತೆಳ್ಳಗಿನ ಗಂಜಿ ಇಳಿಯುವುದೇ ದೊಡ್ಡದು. ನನ್ನ ಕೈಯಲ್ಲಿ ಸೇಬು! ಎಲ್ಲಿ ಮುಖ ಇಟ್ಟುಕೊಳ್ಳಲಿ?

ಅಮ್ಮ ಚಾಪೆಯ ಅಂಚಿಗೆ ಕೂತಳು. 'ನಿಮಗೇನಾಗಬೇಕಮ್ಮಾ?' ಅಂತ ಹೆಂಡತಿಯನ್ನು ಕೇಳಿದಳು. ಏನಿಲ್ರಿ, ಏನಿಲ್ರಿ ಅಂದಳು ಆಕೆ. ಅಮ್ಮ ಏಳಲಿಲ್ಲ. ಊರು, ಮಕ್ಕಳು, ಈ ಸಲದ ಮಳೆ ಅಂತ ಮಾತು ಎಲ್ಲೆಲ್ಲೋ ಹೋಯಿತು. ಆಮೇಲೆ ಆಕೆಯೇ ಕೇಳಿದಳು: 'ಅರ್ಧ ತಾಸು ಇವರ ಹತ್ರ ಕೂಡ್ತೀರೇನ್ರಿ ಅಮ್ಮಾ? ಜಳಕ ಮಾಡಿ ಮೂರು ದಿನ ಆತ್ರಿ.'

ಅಷ್ಟೇ ಆಕೆಗೆ ಬೇಕಿದ್ದದ್ದು.

ಅರ್ಧ ತಾಸು ಒಂದೂಕಾಲು ಗಂಟೆ ಆಯಿತು. ಅಮ್ಮ ಚೀಲ, ಫೈಲು, ಆ ಮನುಷ್ಯ ಮೂವರನ್ನೂ ಕಾಯುತ್ತಾ ಕೂತಿದ್ದಳು. ನನ್ನನ್ನು ಫ್ಲಾಸ್ಕ್ ಕೊಟ್ಟು ಬಿಸಿನೀರಿಗೆ ಓಡಿಸಿದಳು. ಆಕೆ ಒದ್ದೆ ತಲೆಗೆ ಟವೆಲ್ ಸುತ್ತಿ, ಒಗೆದ ಸೀರೆ ಕಂಕುಳಲ್ಲಿಟ್ಟುಕೊಂಡು ಬಂದಾಗ ಬೇರೆ ಯಾರೋ ಅನ್ನಿಸಿತು.

ಮಾರ್ಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಕುರುಡ ಬಾರ್ತಿಮಾಯ ಯೆರಿಕೋ ದಾರಿ ಬದಿಯಲ್ಲಿ ಕೂತು ಕೂಗುತ್ತಾನೆ. ಜನ ಗದರಿಸುತ್ತಾರೆ. ಯೇಸುಸ್ವಾಮಿ ನಿಲ್ಲುತ್ತಾರೆ, ನಿನಗೆ ನಾನೇನು ಮಾಡಬೇಕು ಅಂತ ಕೇಳುತ್ತಾರೆ. ಸಂಡೇ ಸ್ಕೂಲಿನಲ್ಲಿ ನನಗೆ ಇದು ತಮಾಷೆ ಅನ್ನಿಸುತ್ತಿತ್ತು. ಕುರುಡನಿಗೆ ಇನ್ನೇನು ಬೇಕು, ಕಣ್ಣು ತಾನೇ? ಕೇಳೋದೇನಿದೆ ಅಂತ. ಸೇಬು ಹಿಡಿದುಕೊಂಡು ನಿಂತಾಗ ತಮಾಷೆ ಅನ್ನಿಸಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಅಮ್ಮನಿಗೆ ಫ್ರೀ, ನನಗೆ ಟಿಕೆಟ್. ಉಪದೇಶ ಬರುತ್ತದೆ ಅಂತ ಕಾದೆ. 'ಸೇಬು ಎಷ್ಟಕ್ಕೆ ತಂದೆ?' ಅಂದಳು. ಹೇಳಿದೆ. 'ಜಾಸ್ತಿ ಆಯ್ತು' ಅಂದಳು.

ಲೀಡ್ಸ್‌ಗೆ ಬಂದ ಮೇಲೆ ಒಂದು ಬೆಳಗ್ಗೆ ನೋಡಿದರೆ ಪಕ್ಕದ ಮನೆ ಅಜ್ಜನ ಕಸದ ಡಬ್ಬ ಹೊರಗೆ ಬಂದಿರಲಿಲ್ಲ. ಬಾಗಿಲು ತಟ್ಟಿ 'ಆಲ್ ರೈಟ್?' ಅಂದೆ. ಅವರೂ ಹಾಗೇ ಅಂದರು. ನಾನು ಹೋಗಲಿಲ್ಲ. ಅವರಿಗೆ ಗಲಿಬಿಲಿ ಆಯಿತೋ ಏನೋ. ಹವಾಮಾನದ ಮಾತಾಡಿದರು, ಕೆಮ್ಮಿದರು. ಕೊನೆಗೆ ಅಡುಗೆಮನೆಯ ಬಲ್ಬ್ ಹೋಗಿ ಹತ್ತು ದಿನವಾಯಿತು, ಕುರ್ಚಿ ಹತ್ತೋಕೆ ಹೆದರಿಕೆ ಅಂದರು. ಏಣಿ ತಂದು ಬಲ್ಬ್ ಹಾಕಿದೆ. ಟೀ ಕೊಟ್ಟರು. ಸಕ್ಕರೆ ಇರಲಿಲ್ಲ. ಬೇಕಾ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.